ಪಡವಲದ ತುದಿಗೆ ಕಲ್ಲು, ನಮ್ಮ ಕೊರಳಿಗೆ ಮುಂಗಡ



ಈ ಸಲ ಪಡವಲಕಾಯಿಯ ವಿಷಯ ಬರೆಯುತ್ತೇನೆಂದು ಹೇಳಿದಾಗ ಸಂಘದ ಗೆಳೆಯರೊಬ್ಬರು ನಕ್ಕುಬಿಟ್ಟರು. "ಕಬ್ಬಿನ ಬಾಕಿ ಇದೆ, ರಾಗಿ ಖರೀದಿ ಇದೆ, ಟಿ.ಸಿ. ಸುಟ್ಟು ಹದಿನೈದು ದಿನ ಆದ್ರೂ ಹೊಸದು ಬರಲ್ಲ, ಅದೆಲ್ಲ ಬಿಟ್ಟು ಪಡವಲಕಾಯಿನಾ ಅಣ್ಣ?" ಅಂದರು. ನಾನು ಅವರಿಗೆ ಹೇಳಿದ್ದು ಇಷ್ಟೆ. ಕಬ್ಬಿಗೆ ಇಂತಿಷ್ಟು ದರ ಅಂತ ದೆಹಲಿಯಲ್ಲಿ ಕೂತವರು ಬರೆಯುತ್ತಾರೆ, ಅದು ಸಾಲದು ಎಂದು ನಾವು ರಸ್ತೆಗೆ ಇಳಿಯುತ್ತೇವೆ. ರಾಗಿ, ಭತ್ತ, ಜೋಳ ಎಲ್ಲ ಸೇರಿ 22 ಬೆಳೆಗೆ ಬೆಂಬಲ ಬೆಲೆಯ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಹುಡುಕಿದರೂ ಒಂದು ತರಕಾರಿ ಸಿಗುವುದಿಲ್ಲ. ಜಗಳ ಆಡುವುದಕ್ಕೂ ಒಂದು ಅಂಕಿ ಬೇಕಲ್ಲ, ಪಡವಲ ಬೆಳೆದವನಿಗೆ ಅದೂ ಇಲ್ಲ. ಮಂಡಿಯವನು ಬೆಳಿಗ್ಗೆ ಬಾಯಲ್ಲಿ ಹೇಳಿದ್ದೇ ದರ, ಮಧ್ಯಾಹ್ನ ಚೀಟಿಯಲ್ಲಿ ಬರೆದದ್ದೇ ಲೆಕ್ಕ.

ಆದ್ದರಿಂದ ಪಡವಲಕಾಯಿಯ ವಿಷಯವೇ ಬರೆಯುತ್ತೇನೆ. ಇದರಲ್ಲಿ ನನ್ನ ಸ್ವಂತ ತಪ್ಪೂ ಒಂದಿದೆ, ಅದನ್ನೂ ಮುಚ್ಚಿಡುವುದಿಲ್ಲ.

ನಾವು ಹುಡುಗರಾಗಿದ್ದಾಗ ಪಡವಲವನ್ನು ಯಾರೂ 'ಬೆಳೆ' ಎಂದು ಕರೆದದ್ದಿಲ್ಲ. ಅದು ಹಿತ್ತಲಿನ ಬಳ್ಳಿ. ಮುಂಗಾರು ಹನಿ ಬಿದ್ದಾಗ ನಮ್ಮ ಅವ್ವ ಬೂದಿಯಲ್ಲಿ ಉಜ್ಜಿ ಕಟ್ಟಿಟ್ಟಿದ್ದ ಬೀಜದ ಗಂಟು ಬಿಚ್ಚಿ, ತಿಪ್ಪೆಯ ಪಕ್ಕ ನಾಲ್ಕು, ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಊರುತ್ತಿದ್ದಳು. ಬಳ್ಳಿ ಬೇಲಿ ಹತ್ತುತ್ತಿತ್ತು, ಬೇಲಿಯಿಂದ ಹೊಂಗೆ ಮರಕ್ಕೆ ಹೋಗುತ್ತಿತ್ತು. ಖರ್ಚು ಸೊನ್ನೆ. ಎಳೆಕಾಯನ್ನು ಕಡಲೆಬೇಳೆ ಹಾಕಿ ಪಲ್ಯ, ಸ್ವಲ್ಪ ಬಲಿತದ್ದಕ್ಕೆ ಮಜ್ಜಿಗೆಹುಳಿ ಇಲ್ಲವೇ ತೊಗರಿಬೇಳೆ ಕೂಟು. ಒಳಗಿನ ತಿರುಳನ್ನೂ ಬಿಸಾಡುತ್ತಿರಲಿಲ್ಲ, ಹುಣಿಸೆ, ಮೆಣಸಿನಕಾಯಿ ಇಟ್ಟು ಹುರಿದು ಚಟ್ನಿ ಅರೆಯುತ್ತಿದ್ದರು. ರಾಗಿಮುದ್ದೆಗೆ ಆ ಚಟ್ನಿ ನೆಂಚಿಕೊಂಡು ಉಂಡವರಿಗೆ ಅದರ ರುಚಿ ಗೊತ್ತು. ಮನೆಗೆ ಹೆಚ್ಚಾದದ್ದು ಪಕ್ಕದ ಮನೆಗೆ ಹೋಗುತ್ತಿತ್ತು, ಅಲ್ಲಿಂದ ಹೀರೆಕಾಯೋ ಸೊಪ್ಪೋ ಬರುತ್ತಿತ್ತು. ಎರಡು ಕಾಯನ್ನು ಬೀಜಕ್ಕೆ ಅಂತ ಬಳ್ಳಿಯಲ್ಲೇ ಬಿಟ್ಟು, ಯಾರೂ ಕೀಳದ ಹಾಗೆ ಅದಕ್ಕೊಂದು ಬಟ್ಟೆಚೂರು ಕಟ್ಟುತ್ತಿದ್ದರು. ಪಡವಲದಿಂದ ಸಾಲಗಾರನಾದ ಒಬ್ಬ ಮನುಷ್ಯನೂ ಆಗ ನಮ್ಮ ಸೀಮೆಯಲ್ಲಿ ಇರಲಿಲ್ಲ.

ಬೇಲಿ ಬಿಟ್ಟು ಪಡವಲ ಕಲ್ಲುಕಂಬದ ಚಪ್ಪರಕ್ಕೆ ಹತ್ತಿದ ಮೇಲೆ ಸಾಲ ಬಂತು.

ಏಕೆ ಹತ್ತಿತು ಎಂಬುದನ್ನು ಹೇಳಬೇಕು. ನಮ್ಮದು ಗುಂಡ್ಲುಪೇಟೆ ಕಡೆ. ಇಲ್ಲಿನ ತರಕಾರಿ ಮೈಸೂರಿಗೆ ಎಷ್ಟು ಹೋಗುತ್ತದೋ, ಬಂಡೀಪುರದ ಕಾಡು ದಾಟಿ ಕೇರಳಕ್ಕೂ ಹಾಗೇ ಹೋಗುತ್ತದೆ. ಕೇರಳದವರ ಅವಿಯಲ್‌ಗೆ ಪಡವಲ ಬೇಕು, ತೋರನ್‌ಗೆ ಬೇಕು, ಓಣಂ ಬಂದರಂತೂ ಇನ್ನೂ ಬೇಕು. ಬೋರ್‌ವೆಲ್‌ನಲ್ಲಿ ಎರಡಿಂಚು ನೀರು ಇರುವ, ಎರಡು ಮೂರು ಎಕರೆಯ ನಮ್ಮಂಥ ರೈತರಿಗೆ ಅರಿಸಿನ, ಬಾಳೆ ಹಾಕಿ ವರ್ಷಗಟ್ಟಲೆ ಕಾಯುವುದಕ್ಕಿಂತ ಎರಡೂವರೆ ತಿಂಗಳಿಗೆ ಮೊದಲ ಕಾಯಿ ಕೊಟ್ಟು, ಆಮೇಲೆ ನಾಲ್ಕೈದು ದಿನಕ್ಕೊಮ್ಮೆ ಕಾಸು ತೋರಿಸುವ ಬೆಳೆ ಚೆನ್ನಾಗಿ ಕಂಡಿತು. ಅದರಲ್ಲಿ ತಪ್ಪೇನೂ ಇಲ್ಲ.

ಬೇಸಾಯವೂ ಬಹಳ ಕಷ್ಟದ್ದಲ್ಲ. ಎಂಟಡಿಗೊಂದು ಸಾಲು, ಆರೂವರೆ ಅಡಿಗೊಂದು ಗುಣಿ. ಅರ್ಧ ಎಕರೆಗೆ ಸುಮಾರು 400 ಗುಣಿ ಬರುತ್ತದೆ. ಬೀಜದ ಸಿಪ್ಪೆ ಗಟ್ಟಿ, ರಾತ್ರಿ ನೆನೆಸಿ ಬಿತ್ತಬೇಕು. ಗುಣಿಗೆ ನಾಲ್ಕೈದು ಕಾಳು ಊರಿ ಚೆನ್ನಾಗಿ ಬಂದ ಎರಡು ಸಸಿ ಉಳಿಸಿದರೆ ಸಾಕು. ಕೊಯಮತ್ತೂರಿನ ವಿಶ್ವವಿದ್ಯಾಲಯದವರ ಕೋ-1 ಐದಡಿ ಮೀರಿ ಬೆಳೆಯುವ ಉದ್ದದ ಜಾತಿ, ಕೋ-2 ಒಂದಡಿಯ ಗಿಡ್ಡದ್ದು. ಕೇರಳದ ವಿಶ್ವವಿದ್ಯಾಲಯದ ಕೌಮುದಿ ಬಿಳಿ ಬಣ್ಣದ ಉದ್ದಕಾಯಿ. ಉದ್ದ ಜಾತಿ ಹಾಕಿದವರು ಕಾಯಿ ಗೇಣುದ್ದ ಆದಾಗ ತುದಿಗೆ ದಾರದಲ್ಲಿ ಸಣ್ಣ ಕಲ್ಲು ಕಟ್ಟಿ ತೂಗಬಿಡಬೇಕು, ಇಲ್ಲದಿದ್ದರೆ ಹಾವಿನ ಹಾಗೆ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡ ಕಾಯಿ ತಿನ್ನುವುದಕ್ಕೆ ಒಂದಿಷ್ಟೂ ಕಡಿಮೆಯಲ್ಲ, ಆದರೆ ಮಂಡಿಯವನು ಅದನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳುತ್ತಾನೆ. ಪೇಟೆಯವರಿಗೆ ನೆಟ್ಟಗಿನ ಕಾಯಿ ಬೇಕು ಅಂತ ನಮ್ಮ ಹೆಂಗಸರು ಬಿಸಿಲಲ್ಲಿ ನಿಂತು ಸಾವಿರ ಕಲ್ಲು ಕಟ್ಟುತ್ತಾರೆ. ಆ ಕೆಲಸಕ್ಕೆ ಕೂಲಿ ಯಾವ ಪುಸ್ತಕದಲ್ಲಿ ಬರೆದಿದೆ?

ಎರಡು ವಿಷಯ ಮಾತ್ರ ಅನುಭವದಿಂದ ಒತ್ತಿ ಹೇಳುತ್ತೇನೆ. ಬೂದಿರೋಗ ಕಂಡ ತಕ್ಷಣ ಅಂಗಡಿಯವನ ಮಾತು ಕೇಳಿ ಗಂಧಕದ ಪುಡಿ ಎರಚಬೇಡಿ. ಪಡವಲ, ಹೀರೆ, ಸೌತೆಯ ಜಾತಿಗೆ ಗಂಧಕ ಆಗಿಬರುವುದಿಲ್ಲ, ಎಲೆ ಸುಟ್ಟು ಹೋಗುತ್ತದೆ. ಇನ್ನೊಂದು, ಪಡವಲದ ಹೂ ಅರಳುವುದು ಸಂಜೆ ಮೇಲೆ. ಆ ಬಿಳಿ ಎಳೆಎಳೆಯ ಹೂವಿಗೆ ರಾತ್ರಿ ಪತಂಗಗಳು ಬಂದರೆ ತಾನೆ ಕಾಯಿ ಕಚ್ಚುವುದು? ಸಂಜೆ ಹೊತ್ತು ಔಷಧಿ ಹೊಡೆದು ಪತಂಗ ಸಾಯಿಸಿ, ಆಮೇಲೆ ಹೀಚು ನಿಲ್ಲಲಿಲ್ಲ ಅಂತ ಟಾನಿಕ್ ಹೊಡೆಯುವವರನ್ನು ಕಂಡಿದ್ದೇನೆ. ಎರಡಕ್ಕೂ ದುಡ್ಡು ಹೋದದ್ದು ಒಂದೇ ಅಂಗಡಿಗೆ. ಹಣ್ಣುನೊಣಕ್ಕೆ ಕ್ಯೂಲೂರ್ ಬಲೆ ಕಟ್ಟಿ, ಉದುರಿದ ಹುಳುಕು ಕಾಯನ್ನು ಹೊಲದಲ್ಲಿ ಬಿಡದೆ ಆಳವಾಗಿ ಹೂತರೆ ಅರ್ಧ ಹಾವಳಿ ಕಡಿಮೆ.

ಇನ್ನು ಚಪ್ಪರದ ಮಾತು.

2021ರ ಕೊನೆಯಲ್ಲಿ ನಾನು 20 ಗುಂಟೆಗೆ ಕಲ್ಲುಕಂಬದ ಚಪ್ಪರ ಹಾಕಿಸಿದೆ. ಕಂಬ 100, ಒಂದಕ್ಕೆ 380 ರೂಪಾಯಿಯಂತೆ 38,000. ತಂತಿ 220 ಕೆ.ಜಿ., 85ರಂತೆ 18,700. ಗುಂಡಿ ತೋಡಿ, ಕಂಬ ನಿಲ್ಲಿಸಿ, ತಂತಿ ಎಳೆದ ಕೂಲಿ 13,300. ಒಟ್ಟು 70,000 ರೂಪಾಯಿ. ಸೊಸೈಟಿಗೆ ಹೋಗಿ ಕೇಳಿದೆ. "ತೆಂಗು, ರೇಷ್ಮೆ, ಹಸು ಇದ್ರೆ ಹೇಳಿ, ಪಡವಲದ ಚಪ್ಪರಕ್ಕೆ ನಮ್ಮಲ್ಲಿ ಕಾಲಂ ಇಲ್ಲ" ಎಂದರು. ಕಾಲಂ ಇಲ್ಲವಂತೆ! ಮಂಡಿಯವನ ಹತ್ತಿರ ಕಾಲಂ ಇತ್ತು. "ಅಣ್ಣ, ದುಡ್ಡಿಗ್ಯಾಕೆ ಯೋಚ್ನೆ ಮಾಡ್ತೀರ? ತಗಂಡ್ ಹೋಗಿ. ಬಡ್ಡಿ ಗಿಡ್ಡಿ ಏನಿಲ್ಲ, ನಿಮ್ ಮಾಲು ನಮ್ ಮಂಡಿಗೆ ಬಂದ್ರೆ ಸಾಕು" ಎಂದ. 40,000 ಎಣಿಸಿ ಕೊಟ್ಟ. ಪತ್ರ ಇಲ್ಲ, ಸಾಕ್ಷಿ ಇಲ್ಲ. ಉಳಿದ 30,000ಕ್ಕೆ ಮನೆಯವಳ ಒಡವೆ ಅಡ ಇಟ್ಟೆ. ಬಡ್ಡಿಯಿಲ್ಲದ ಸಾಲ ಸಿಕ್ಕಿತು ಅಂತ ಆ ದಿನ ನಾನು ಖುಷಿಯಿಂದಲೇ ಊರಿಗೆ ಬಂದೆ. ಇದೇ ನಾನು ಹೇಳಿದ ನನ್ನ ತಪ್ಪು.

2022ರ ಜನವರಿ ಮೊದಲ ವಾರ ಬಿತ್ತಿದೆ. ಮಾರ್ಚ್ ಕೊನೆಗೆ ಮೊದಲ ಕಟಾವು, ಜೂನ್ ಹೊತ್ತಿಗೆ 20 ಕಟಾವು. ಒಟ್ಟು 5,000 ಕೆ.ಜಿ. ಕಾಯಿ. ಬೆಳೆ ಚೆನ್ನಾಗಿಯೇ ಬಂತು, ದೇವರನ್ನೂ ಮಳೆಯನ್ನೂ ದೂರುವ ಹಾಗಿಲ್ಲ. ಮಂಡಿಯಲ್ಲಿ ಸರಾಸರಿ 11 ರೂಪಾಯಿ ಬಿತ್ತು, ಅಂದರೆ 55,000. ಅದರಲ್ಲಿ ನೂರಕ್ಕೆ 10ರಂತೆ ಕಮಿಷನ್ 5,500 ಮುರಿದುಕೊಂಡ. ಉಳಿದದ್ದು 49,500, ಕೆ.ಜಿ.ಗೆ 9 ರೂಪಾಯಿ 90 ಪೈಸೆ. ಅದರಲ್ಲಿ ಮುಂಗಡದ 40,000 ಚೀಟಿ ಚೀಟಿಗೂ ಹಿಡಿದುಕೊಂಡ. ಐದು ತಿಂಗಳ ಬೇಸಾಯಕ್ಕೆ ನನ್ನ ಕೈಗೆ ಬಂದದ್ದು 9,500 ರೂಪಾಯಿ.

ಅದೇ ಹಂಗಾಮಿನಲ್ಲಿ ನಮ್ಮ ಪಕ್ಕದ ಜಮೀನಿನವರು ಎಂಟು ಗುಂಟೆಗೆ ನೀಲಗಿರಿ ಕಂಬದ ಅಗ್ಗದ ಚಪ್ಪರ ಹಾಕಿ ಇದೇ ಪಡವಲ ಬೆಳೆದಿದ್ದರು. ಅವರು ಯಾರ ಹತ್ತಿರವೂ ಮುಂಗಡ ತೆಗೆದುಕೊಂಡಿರಲಿಲ್ಲ. ರಸ್ತೆಗೆ ಬಂದು ನಿಲ್ಲುತ್ತಿದ್ದ ಕೇರಳದ ಟೆಂಪೋದವರ ಜೊತೆ ಚೌಕಾಸಿ ಮಾಡಿ, ಒಗ್ಗದ ದಿನ ಬೇರೆ ಮಂಡಿಗೆ ಹಾಕಿ, ಹಂಗಾಮಿನ ಸರಾಸರಿಯಲ್ಲಿ ಎಲ್ಲ ಖರ್ಚು ಕಳೆದು 13 ರೂಪಾಯಿ ಕಂಡರು. ನಾನು ಆ ಟೆಂಪೋದ ಮುಂದೆಯೇ ನನ್ನ ಮೂಟೆ ಹೊತ್ತು ಮಂಡಿಗೆ ಹೋಗುತ್ತಿದ್ದೆ. ಕೊಟ್ಟ ಮಾತು ಇತ್ತಲ್ಲ!

ಈಗ ಆ 'ಬಡ್ಡಿಯಿಲ್ಲದ' ಸಾಲದ ಬಡ್ಡಿ ಲೆಕ್ಕ ಹಾಕಿ ನೋಡೋಣ. 13ಕ್ಕೂ 9.90ಕ್ಕೂ ನಡುವಿನ ಅಂತರ ಕೆ.ಜಿ.ಗೆ 3 ರೂಪಾಯಿ 10 ಪೈಸೆ. 5,000 ಕೆ.ಜಿ.ಗೆ 15,500 ರೂಪಾಯಿ. 40,000 ರೂಪಾಯಿಗೆ ಐದು ತಿಂಗಳಲ್ಲಿ ನಾನು ತೆತ್ತದ್ದು 15,500. ತಿಂಗಳಿಗೆ ನೂರಕ್ಕೆ ಏಳೂಮುಕ್ಕಾಲು ರೂಪಾಯಿ ಬಡ್ಡಿ! ಅದೂ ಮಾರ್ಚ್‌ನಿಂದಲೇ ಅಸಲು ಮುರಿದುಕೊಳ್ಳುತ್ತಾ ಬಂದದ್ದರಿಂದ ನಿಜವಾದ ಬಡ್ಡಿ ಇನ್ನೂ ಮೇಲೆ. ನಮ್ಮ ಅಜ್ಜಂದಿರ ಕಾಲದ ಲೇವಾದೇವಿ ಸಾಹುಕಾರ ತಿಂಗಳಿಗೆ ನೂರಕ್ಕೆ ಮೂರು ಕೇಳಿದರೆ ಊರೆಲ್ಲ ಅವನನ್ನು ಬೈಯುತ್ತಿತ್ತು. ಇವನು ಏಳೂಮುಕ್ಕಾಲು ತೆಗೆದುಕೊಂಡು 'ಉಪಕಾರ ಮಾಡಿದ ಅಣ್ಣ' ಎನ್ನಿಸಿಕೊಂಡ. ಅವನೊಬ್ಬನನ್ನು ಬೈದು ಪ್ರಯೋಜನವೂ ಇಲ್ಲ. ಅವನ ಜಾಗದಲ್ಲಿ ಇನ್ನೊಬ್ಬ ಕೂತಿದ್ದರೂ ಇದೇ ಆಗುತ್ತಿತ್ತು. ದುಡ್ಡು ಕೊಡಬೇಕಾದ ಜಾಗದಲ್ಲಿ ಕಾಲಂ ಇಲ್ಲದಿದ್ದರೆ ಕೊಡಬಾರದ ಜಾಗದಲ್ಲಿ ಖಾತೆ ತೆರೆಯುತ್ತದೆ.

ಪಡವಲದಂಥ ತರಕಾರಿಯಲ್ಲಿ ಈ ಮುಂಗಡ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ರಾಗಿಯಾದರೆ ಬೆಲೆ ಬಿದ್ದಾಗ ಕಣಜಕ್ಕೆ ಹಾಕಿ ಕೂತೆ ಎನ್ನಬಹುದು. ಪಡವಲ ಕಿತ್ತ ಎರಡನೇ ದಿನಕ್ಕೆ ಬಾಡುತ್ತದೆ, ಉದ್ದದ್ದು ಎತ್ತಿ ಇಳಿಸುವಾಗಲೇ ಮುರಿಯುತ್ತದೆ, ಕೀಳದೆ ಬಿಟ್ಟರೆ ನಾಲ್ಕು ದಿನದಲ್ಲಿ ಬಲಿತು ನಾರಾಗುತ್ತದೆ. ನಮ್ಮ ಕಡೆ ಇನ್ನೊಂದು ಇದೆ. ಬಂಡೀಪುರದ ರಸ್ತೆ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚುತ್ತದೆ. ಕಾಡುಪ್ರಾಣಿಗಳೂ ಬದುಕಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಗೇಟನ್ನೂ ದಲ್ಲಾಳಿ ತನ್ನ ತಕ್ಕಡಿಗೆ ಹಾಕಿಕೊಂಡಿದ್ದಾನೆ. ಸಂಜೆ ಆದರೆ ಸಾಕು, "ಅಣ್ಣ, ಗೇಟ್ ಹಾಕ್ಬುಡ್ತಾರೆ, ಕೊಡೋದಾದ್ರೆ ಈಗ್ಲೇ ಹೇಳಿ, ಇಲ್ದಿದ್ರೆ ನಾಳೆ ಈ ರೇಟೂ ಇಲ್ಲ" ಅಂತ ಅವಸರ ಮಾಡುತ್ತಾನೆ. ಆನೆಯ ಹೆಸರಲ್ಲಿ ಕೆ.ಜಿ.ಗೆ ಎರಡು ರೂಪಾಯಿ ಇಳಿಯುತ್ತದೆ.

2020ರಲ್ಲಿ ದೆಹಲಿಯವರು ಮೂರು ಕಾಯ್ದೆ ತಂದಾಗ ಹೇಳಿದ್ದೇನು? ರೈತ ತನ್ನ ಮಾಲನ್ನು ಎಲ್ಲಿ ಬೇಕಾದರೂ ಮಾರಬಹುದು, ಇದೇ ನಿಜವಾದ ಸ್ವಾತಂತ್ರ್ಯ ಎಂದರು. ರೈತರು ಒಂದು ವರ್ಷಕ್ಕೂ ಮೇಲೆ ದೆಹಲಿ ಗಡಿಯಲ್ಲಿ ಕೂತ ಮೇಲೆ 2021ರಲ್ಲಿ ಅವನ್ನು ವಾಪಸು ತೆಗೆದುಕೊಂಡರು. ಆಗ ನಮ್ಮವರೇ ಕೆಲವರು, ಆ ಒಂದು ಮಾತು ಚೆನ್ನಾಗಿತ್ತಲ್ಲ ಎಂದು ನನ್ನನ್ನು ಕೇಳಿದ್ದುಂಟು. ಮುಂಗಡ ತೆಗೆದುಕೊಂಡವನು ಎಲ್ಲಿ ಬೇಕಾದರೂ ಹೇಗೆ ಮಾರುತ್ತಾನೆ ಸ್ವಾಮಿ? ಕಾಯ್ದೆ ಅವನ ಮೂಟೆಯ ಬಾಯಿ ಬಿಚ್ಚಿತು, ಅವನ ಕಾಲಿನ ಹಗ್ಗ ಬಿಚ್ಚಲಿಲ್ಲ.

ಕಮಿಷನ್ ವಿಷಯವೂ ಹೀಗೆಯೇ. ನಮ್ಮ ರಾಜ್ಯದ 1966ರ ಕೃಷಿ ಮಾರುಕಟ್ಟೆ ಕಾಯ್ದೆಯಂತೆ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ಮಾರುವ ರೈತನಲ್ಲ. ಇದು ಎಷ್ಟು ಜನಕ್ಕೆ ಗೊತ್ತು? ಗೊತ್ತಿದ್ದೂ ಏನು ಮಾಡುತ್ತೀರಿ? ಕೊಡುವುದು ಬಿಳಿ ಚೀಟಿ. ಅದರಲ್ಲಿ ಮಂಡಿಯ ಹೆಸರಿಲ್ಲ, ನಂಬರಿಲ್ಲ, ಸಹಿಯಿಲ್ಲ. ಪೆನ್ಸಿಲಿನಲ್ಲಿ ಮೂಟೆ, ತೂಕ, ಸೂಟು, ದರ, ಹಮಾಲಿ, 'ಬಾಕಿ' ಅಂತ ಆರು ಗೆರೆ. ಮುಂಗಡ ತೆಗೆದುಕೊಂಡವನು ಆ ಚೀಟಿ ನೋಡಿ, 'ಇದು ಕಾನೂನು ಅಲ್ಲ' ಎಂದು ಹೇಳಲು ಬಾಯಿ ತೆರೆದರೆ ಸಾಹುಕಾರ ಖಾತೆಪುಸ್ತಕ ತೆರೆಯುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಕಾಯಿಯ ತುದಿಗೆ ನಾವು ಕಲ್ಲು ಕಟ್ಟುತ್ತೇವೆ, ಅದು ಅತ್ತಿತ್ತ ಹೊರಳದೆ ನೆಟ್ಟಗೆ ಕೆಳಕ್ಕೆ ನೋಡುತ್ತಾ ಬೆಳೆಯುತ್ತದೆ. ನಾವೂ ಹಾಗೆಯೇ ತಲೆ ಕೆಳಗೆ ಹಾಕಿಕೊಂಡು ಮಂಡಿಯಿಂದ ಹೊರಬರುತ್ತೇವೆ.

ಹಾಗಾದರೆ ಒಂದು ಕೆ.ಜಿ. ಪಡವಲಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ? ನನ್ನ ಆ ಹಂಗಾಮಿನ ಪುಸ್ತಕದಿಂದ ಬರೆಯುತ್ತೇನೆ. ಉಳುಮೆ, ಗುಣಿ 4,500. ಎರಡು ಲೋಡು ಕೊಟ್ಟಿಗೆ ಗೊಬ್ಬರ 7,000. ರಸಗೊಬ್ಬರ, ಬೇವಿನ ಹಿಂಡಿ 4,000. ಬೀಜ 600. ಬಳ್ಳಿ ಹಬ್ಬಿಸುವ ದಾರ 2,000. ಬಲೆ, ಔಷಧಿ 2,500. ಕಳೆ ಮತ್ತಿತರ ಹೊರಗಿನ ಕೂಲಿ 6,400. ಇಲ್ಲಿಗೆ 27,000. ಚಪ್ಪರ ಹತ್ತು ವರ್ಷ, ವರ್ಷಕ್ಕೆ ಎರಡು ಬೆಳೆ ಬರುತ್ತದೆಂದು ಹಿಡಿದರೆ ಒಂದು ಬೆಳೆಯ ಪಾಲು 3,500. ಇಪ್ಪತ್ತು ಸಲದ ಸಾಗಾಣಿಕೆ 9,000. ಒಟ್ಟು 39,500. ನಮ್ಮಲ್ಲಿ ಬಹಳ ಜನ ಇಲ್ಲಿಗೇ ಲೆಕ್ಕ ನಿಲ್ಲಿಸಿ, 49,500 ಬಂತು, 39,500 ಹೋಯಿತು, ಹತ್ತು ಸಾವಿರ ಲಾಭ ಎಂದು ಮೀಸೆ ತಿರುವುತ್ತೇವೆ.

ಆದರೆ ಬೆಳಗಿನ ಜಾವ ಎದ್ದು ಕಾಯಿ ಕಿತ್ತವರು ಯಾರು? ಕಲ್ಲು ಕಟ್ಟಿದವರು, ಕರೆಂಟ್ ಬಂದಾಗ ನಡುರಾತ್ರಿ ನೀರು ತಿರುಗಿಸಿದವರು, ಕಾಯಿ ಮುರಿಯದ ಹಾಗೆ ಬಾಳೆಪಟ್ಟೆ ಇಟ್ಟು ಮೂಟೆ ಕಟ್ಟಿದವರು ಯಾರು? ನಾನು, ನನ್ನ ಹೆಂಡತಿ. ಅರ್ಧ ದಿನದ ಕೆಲಸಗಳನ್ನೆಲ್ಲ ಕೂಡಿಸಿ ಇಬ್ಬರದೂ ಸೇರಿ 60 ಆಳು. ಊರಿನ ಕೂಲಿ 400ರಂತೆ 24,000. ಅದನ್ನು ಸೇರಿಸಿದರೆ ಖರ್ಚು 63,500, ಕೆ.ಜಿ.ಗೆ 12 ರೂಪಾಯಿ 70 ಪೈಸೆ. ಜಮೀನಿನ ಗೇಣಿಯನ್ನೂ ಒಡವೆ ಅಡ ಇಟ್ಟ ಬಡ್ಡಿಯನ್ನೂ ಇದರಲ್ಲಿ ಹಿಡಿದೇ ಇಲ್ಲ. 12.70ಕ್ಕೆ ಬೆಳೆದು 9.90ಕ್ಕೆ ಮಾರಿದೆ. ಲಾಭ ಅಂತ ಹೇಳಿದ ಆ ಹತ್ತು ಸಾವಿರವನ್ನು 60 ಆಳಿಗೆ ಹಂಚಿದರೆ ದಿನಕ್ಕೆ 166 ರೂಪಾಯಿ. 2022-23ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿಯೇ 309 ಇತ್ತು. ನನ್ನದೇ ಜಮೀನಿನಲ್ಲಿ, ನನ್ನದೇ ಚಪ್ಪರದ ಕೆಳಗೆ, ನಾನು ಅರ್ಧ ಕೂಲಿಯ ಆಳು. ಕೆಸರು ನಮ್ಮ ಕೈಗೆ, ಮೊಸರು ಬೇರೆಯವರ ಬಾಯಿಗೆ!

ಸ್ವಾಮಿನಾಥನ್ ಅವರ ರೈತರ ಆಯೋಗ 2006ರಲ್ಲಿ ಕೊಟ್ಟ ವರದಿಯಲ್ಲಿ ಉತ್ಪಾದನಾ ವೆಚ್ಚದ ಮೇಲೆ ನೂರಕ್ಕೆ 50 ಸೇರಿಸಿ ಬೆಲೆ ಕೊಡಿ ಎಂದಿತು. ನನ್ನ ಲೆಕ್ಕಕ್ಕೆ ಅದು ಕೆ.ಜಿ.ಗೆ 19 ರೂಪಾಯಿ ಆಗುತ್ತದೆ. ತರಕಾರಿಗೆ ಯಾರು ಕೊಡುತ್ತಾರೆ, ಅದು ಕೊಳೆಯುವ ಮಾಲು, ಸರ್ಕಾರ ಕೊಂಡು ಎಲ್ಲಿಡಬೇಕು ಎಂದು ಅಧಿಕಾರಿಗಳು ಕೇಳುತ್ತಾರೆ. ನಮ್ಮ ಮಂತ್ರಿಗಳೂ ಅದನ್ನೇ ಗಿಳಿಪಾಠ ಒಪ್ಪಿಸುತ್ತಾರೆ.

ಅವರಿಗೆ ಉತ್ತರ ಬಂಡೀಪುರದ ಆಚೆ ಇದೆ. 2020ರ ನವೆಂಬರ್ 1ರಿಂದ ಕೇರಳ ಸರ್ಕಾರ 16 ತರಕಾರಿ, ಹಣ್ಣು, ಗೆಡ್ಡೆಗಳಿಗೆ ಮೂಲಬೆಲೆ ಗೊತ್ತು ಮಾಡಿತು. ಉತ್ಪಾದನಾ ವೆಚ್ಚದ ಮೇಲೆ ನೂರಕ್ಕೆ 20 ಸೇರಿಸಿ ಮಾಡಿದ ಲೆಕ್ಕ. ಹಾಗಲಕ್ಕೆ 30 ರೂಪಾಯಿ, ಬೂದುಗುಂಬಳಕ್ಕೆ 9, ಮರಗೆಣಸಿಗೆ 12. ಆ ಪಟ್ಟಿಯಲ್ಲಿ ಪಡವಲವೂ ಇತ್ತು, ಕೆ.ಜಿ.ಗೆ 16 ರೂಪಾಯಿ! ಮಾರುಕಟ್ಟೆ ದರ ಅದಕ್ಕಿಂತ ಇಳಿದರೆ ಸರ್ಕಾರದ ವ್ಯವಸ್ಥೆ ಆ ಬೆಲೆ ಕೊಡಬೇಕು ಎಂಬುದು ಅದರ ಕ್ರಮ. ಸ್ವಾಮಿನಾಥನ್ ಹೇಳಿದ 50 ಅದರಲ್ಲಿ ಇಲ್ಲ, ನೋಂದಣಿ ಮಾಡಿಸಿದ ಅಲ್ಲಿಯ ರೈತರಿಗೆ ಮಾತ್ರ ಅನ್ವಯ, ಜಾರಿಯಲ್ಲಿ ನೂರೆಂಟು ಹುಳುಕೂ ಇರಬಹುದು. ಅದನ್ನು ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ರಾಜ್ಯ ಸರ್ಕಾರ ಪಡವಲಕಾಯಿಗೆ ಒಂದು ಖರ್ಚು ಇದೆ, ಅದರ ಕೆಳಗೆ ಬೆಲೆ ಇಳಿಯಬಾರದು ಎಂದು ಕಾಗದದ ಮೇಲೆ ಒಪ್ಪಿಕೊಂಡಿತಲ್ಲ, ಅಷ್ಟು ಸಾಕು. ಹರಿಯಾಣ ಕೂಡ 2018ರಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆ, ಹೂಕೋಸಿಗೆ ಬೆಲೆ ವ್ಯತ್ಯಾಸ ತುಂಬಿಕೊಡುವ ಯೋಜನೆ ಶುರು ಮಾಡಿತ್ತು. ಅಲ್ಲಿ ಸರ್ಕಾರ ಮೂಟೆ ಹೊತ್ತು ಗೋದಾಮಿನಲ್ಲಿ ಕೊಳೆಸಬೇಕಾಗಿರಲಿಲ್ಲ, ಕಡಿಮೆ ಬಿದ್ದ ದುಡ್ಡನ್ನು ರೈತನ ಖಾತೆಗೆ ಹಾಕಿದರಾಯಿತು. 'ಎಲ್ಲಿಡಬೇಕು' ಎಂಬ ಪ್ರಶ್ನೆಗೆ ಇದೇ ಉತ್ತರ.

ನನಗೆ ಸಂಕಟ ಆಗುವುದು ಇಲ್ಲಿ. ನಮ್ಮ ಪಡವಲ ಮುತ್ತಂಗ ದಾಟಿ ಕೇರಳದ ಸಂತೆಗೆ ಹೋಗುತ್ತದೆ. ಅಲ್ಲಿನ ಮೂಲಬೆಲೆ ಈಚೆ ಬರುವುದಿಲ್ಲ. ಬರಬೇಕಾದದ್ದು ಬೆಂಗಳೂರಿನಿಂದ.

ಬೆಂಗಳೂರು ಕೊಡುವವರೆಗೆ ನಾವು ಏನು ಮಾಡುವುದು? ಮೊದಲನೆಯದಾಗಿ, ಚಪ್ಪರಕ್ಕೆ ಮಂಡಿಯಿಂದ ದುಡ್ಡು ತರಬೇಡಿ. ಸಹಕಾರ ಸಂಘಗಳ ಮೂಲಕ ನೂರಕ್ಕೆ 3ರ ಬಡ್ಡಿಯಲ್ಲಿ ಮಧ್ಯಮಾವಧಿ, ದೀರ್ಘಾವಧಿ ಸಾಲವನ್ನು 15 ಲಕ್ಷದವರೆಗೆ ಕೊಡುತ್ತೇವೆಂದು ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ಸಾರಿತು. ತರಕಾರಿ ಚಪ್ಪರವನ್ನು ಆ ಸಾಲದ ಪಟ್ಟಿಗೆ ಸೇರಿಸಿ ಎಂದು ಪ್ರತಿ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಬೇಕು. ನಿರ್ದೇಶಕರು ನಮ್ಮೂರವರೇ, ನಾವೇ ಓಟು ಹಾಕಿ ಕೂರಿಸಿದವರು. ಅವರ ಮುಂದೆ ನಾಚಿಕೆ ಏಕೆ? ಅಲ್ಲಿಯವರೆಗೆ ನೀಲಗಿರಿ ಕಂಬದಲ್ಲಿ ಹತ್ತು ಗುಂಟೆಯ ಚಪ್ಪರ ಸಾಕು. ಒಂದೇ ಚಪ್ಪರದಲ್ಲಿ ಒಂದು ಹಂಗಾಮು ಪಡವಲ, ಆಮೇಲೆ ಚಪ್ಪರದವರೆ ಹಬ್ಬಿಸಿದರೆ ಮಣ್ಣಿಗೂ ಒಳ್ಳೆಯದು, ಕಂಬದ ಖರ್ಚೂ ಹಂಚಿಹೋಗುತ್ತದೆ. ಓಣಂ ನೋಡಿಕೊಂಡು ಜೂನ್ ಮೊದಲಿಗೆ ಬಿತ್ತಿದವರಿಗೆ ಬೆಲೆ ತುಸು ಮೇಲೆ ಸಿಗುತ್ತದೆ. ಹಬ್ಬ ಕಳೆದ ಮರುವಾರ ಬೀಳುತ್ತದೆ ಎಂಬುದೂ ನೆನಪಿರಲಿ. ಊರಿನ ನಾಲ್ಕೈದು ಮನೆಯವರು ಒಂದೇ ವಾರ ಬಿತ್ತಿ, ಒಂದೇ ದಿನ ಕಿತ್ತು, ಒಂದು ಟೆಂಪೋ ತುಂಬುವಷ್ಟು ಒಟ್ಟು ಮಾಡಿದರೆ ಕೊಳ್ಳುವವನೇ ಊರ ಬಾಗಿಲಿಗೆ ಬರುತ್ತಾನೆ. ಪಕ್ಕದ ಜಮೀನಿನವರ ಜೊತೆ ಸೇರಿ ನಾನು ಈಗ ಮಾಡುತ್ತಿರುವುದು ಇದನ್ನೇ. ಮಂಡಿಯ ಬಾಕಿ ತೀರಿಸಿಕೊಂಡು ಹೊರಬರಲು ನನಗೆ ಮತ್ತೆ ಮೂರು ಬೆಳೆ ಬೇಕಾಯಿತು.

ಬೀಜದ ವಿಷಯ ಹೇಳದೆ ಬಿಡಲಾರೆ. 1992ರ ಡಿಸೆಂಬರಿನಲ್ಲಿ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ಎಸೆದದ್ದು ಬೀಜ ನಮ್ಮದು ಎಂದು ಹೇಳುವುದಕ್ಕೆ. 2001ರ ಸಸ್ಯತಳಿ ಕಾಯ್ದೆಯಲ್ಲಿ ರೈತ ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಬ್ರಾಂಡ್ ಹಾಕದೆ ಮಾರಲೂಬಹುದು ಎಂದು ಬರೆದಿದೆ. ಬರೆದಿದ್ದರೇನು, ನಾವು ಈಗ ಹಿತ್ತಲಿಗೆ ಎರಡು ಬಳ್ಳಿ ಬೇಕಾದರೂ ಬಣ್ಣದ ಪೊಟ್ಟಣ ತರುತ್ತೇವೆ. ಚಪ್ಪರದಲ್ಲಿ ಚೆನ್ನಾಗಿ ಕಾಯಿ ಬಿಟ್ಟ ಬಳ್ಳಿಯ ಎರಡು ಕಾಯನ್ನು ಕೆಂಪಗೆ ಹಣ್ಣಾಗಲು ಬಿಡಿ, ಕೆಂಪು ತಿರುಳು ತೊಳೆದು ನೆರಳಲ್ಲಿ ಒಣಗಿಸಿ ಬೂದಿಯಲ್ಲಿಡಿ. ಹೈಬ್ರಿಡ್ಡಿನಿಂದ ತೆಗೆಯಬೇಡಿ, ಮುಂದಿನ ಬೆಳೆ ನಾನಾ ಥರ ಆಗುತ್ತದೆ. ಬೇಲಿಯಲ್ಲಿ ಕಾಡುಪಡವಲ ಇದ್ದರೆ ಕಿತ್ತುಹಾಕಿ, ಅದರ ಪರಾಗ ಬೆರೆತರೆ ಮುಂದಿನ ಪೀಳಿಗೆಯ ಕಾಯಿ ಕಹಿಯಾಗುವುದುಂಟು. ಕಹಿ ಬಂದ ಕಾಯನ್ನು ಅಡುಗೆಗೆ ಹಾಕಲೇಬೇಡಿ, ಆ ಬಳ್ಳಿಯ ಬೀಜವನ್ನೂ ಇಡಬೇಡಿ.

ಜೊತೆಗೆ ಮನೆಯವರಿಗೆ ಹೇಳಿ, ಹಿತ್ತಲಿನ ನಾಲ್ಕು ಬಳ್ಳಿಯನ್ನು ನಿಲ್ಲಿಸಬೇಡಿ ಅಂತ. ಅರ್ಧ ಎಕರೆ ಪಡವಲ ಬೆಳೆಯುವವನ ಮನೆಯಲ್ಲೇ ಸಂತೆಯಿಂದ ಎಲೆಕೋಸು ತಂದು ಸಾರು ಮಾಡುವುದನ್ನು ನೋಡಿದ್ದೇನೆ. ಕೇಳಿದರೆ, "ಅದು ಮಾರೋ ಮಾಲು ಕಣಣ್ಣ" ಎನ್ನುತ್ತಾರೆ. ಕೆ.ಜಿ.ಗೆ 9 ರೂಪಾಯಿ 90 ಪೈಸೆಗೆ ಮಾರುವ ಮಾಲು!

ಮುಂದಿನ ತಿಂಗಳ ತಾಲ್ಲೂಕು ಸಭೆಗೆ ಬರುವವರು ಒಂದು ಕೆಲಸ ಮಾಡಬೇಕು. ಗೂಡಿನಲ್ಲಿ, ಟ್ರಂಕಿನಲ್ಲಿ, ಅಂಗಿ ಜೇಬಿನಲ್ಲಿ ಉಳಿದಿರುವ ಬಿಳಿ ಚೀಟಿಗಳನ್ನೆಲ್ಲ ತನ್ನಿ. ಪಡವಲದ್ದೇ ಆಗಬೇಕೆಂದಿಲ್ಲ, ಟೊಮೆಟೊ, ಬೀನ್ಸ್, ಎಲೆಕೋಸು, ಯಾವುದಾದರೂ ಸರಿ. ಹಿಂದೆ ನಿಮ್ಮ ಹೆಸರು, ಸರ್ವೆ ನಂಬರು, ತಾರೀಖು ಬರೆಯಿರಿ. ಮುಂಗಡ ತೆಗೆದುಕೊಂಡಿದ್ದರೆ ಅದನ್ನೂ ಬರೆಯಿರಿ, ಅದರಲ್ಲಿ ಅವಮಾನ ಇಲ್ಲ, ಮೊದಲ ಚೀಟಿ ನನ್ನದೇ ಇರುತ್ತದೆ. ಎಲ್ಲವನ್ನೂ ಒಂದು ಉದ್ದನೆಯ ದಾರಕ್ಕೆ ಪೋಣಿಸಿ, ನೂರಕ್ಕೆ ಹತ್ತರಂತೆ ನಮ್ಮಿಂದ ಮುರಿದದ್ದು ಒಟ್ಟು ಎಷ್ಟು ಎಂದು ಕೂಡಿಸಿ, ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಡೋಣ. ಕೂಡುವ ಕೆಲಸಕ್ಕೆ ಲೆಕ್ಕ ಬಲ್ಲ ಇಬ್ಬರು ಹುಡುಗರನ್ನು ಯಾರಾದರೂ ಕರೆತಂದರೆ ಉಪಕಾರ.